ನೆಗ್ಗಿಲು ಮುಳ್ಳು

ಕನ್ನಮಲ್ಲಾ ಊರಿನ ಒಂದೇ ಔಷಧಿ ಅಂಗಡಿಯಲ್ಲಿ
ನಾಯಿಯ ಜಂತಿನ ಮಾತ್ರೆಗೆ ಒಂದು ಸಾಲು ಮೇಲೆ
ಕರಿ ಡಬ್ಬಿ, ಕೆಂಪು ಗೂಳಿ, ಚಿನ್ನದ ಮುಚ್ಚಳ.
ಎಂಬತ್ತೊಂಬತ್ತು ಡಾಲರ್.
ಕುರಿಗೆ ನಾಲ್ಕು ಡಾಲರ್ ಚಿಲ್ಲರೆಯಂತೆ
ಇಪ್ಪತ್ತೆರಡು ಕುರಿ, ಅಂದಿತು ಬೆನ್ನು.
ನನ್ನ ಲೆಕ್ಕವನ್ನೆಲ್ಲ ಬೆನ್ನೇ ಇಡುವುದು.

ನಲವತ್ತರಲ್ಲಿ ದಿನಕ್ಕೆ ನೂರೆಂಬತ್ತು ಬೋಳಿಸುತ್ತಿದ್ದೆ.
ಈಗ ನೂರಮೂವತ್ತಕ್ಕೆ
ಸೊಂಟವನ್ನು ಯಾರೋ ಗೂಟಕ್ಕೆ ಕಟ್ಟಿದ ಹಾಗೆ.
ಪಕ್ಕದ ಮೋಟಾರಿನ ಹುಡುಗ ಜೈಡನ್
ಮಗುವಿನ ಅಂಗಿ ಬಿಚ್ಚಿದಷ್ಟು ಸಲೀಸಾಗಿ ತುಪ್ಪಟ ಬಿಚ್ಚುತ್ತ
ಕಣ್ಣು ಮಿಟುಕಿಸಿದ:
"ಡಾರ್ಸಿ, ನಿನ್ನ ಟ್ಯಾಂಕು ಖಾಲಿ.
ಅದನ್ನು ತಗೋ, ಮೂರು ವಾರ. ಮತ್ತೆ ಟಗರು."

ಟಗರು!
ಏಪ್ರಿಲಿನಲ್ಲಿ ಟಗರು ಬಿಡುವುದನ್ನು ನೋಡಿದ್ದೀರಾ ನೀವು?
ಎದೆಗೆ ಬಣ್ಣದ ಕಡ್ಡಿ ಕಟ್ಟಿ ಹಿಂಡಿಗೆ ಬಿಡುತ್ತಾರೆ,
ಹತ್ತಿದ ಕುರಿಗಳ ಬೆನ್ನೆಲ್ಲ ನೀಲಿ.
ಆರು ವಾರ ಸರಿಯಾಗಿ ಮೇಯದೆ, ಮಲಗದೆ,
ಕಂಬಕ್ಕೆ, ಬೇಲಿಗೆ, ಇನ್ನೊಂದು ಟಗರಿಗೆ ಹಣೆ ಗುದ್ದಿ ಗುದ್ದಿ
ಕೊನೆಗೆ ಪಕ್ಕೆಲುಬು ಎಣಿಸುವ ಹಾಗಾಗಿ
ಮುಲ್ಗಾ ಮರದ ನೆರಳಲ್ಲಿ ಒಂಟಿ ನಿಂತಿರುತ್ತದೆ,
ರೇಸಿನಲ್ಲಿ ಸಂಬಳ ಕಳೆದು ಮನೆಗೆ ಹೋಗಲಾರದವನ ಮುಖ ಹೊತ್ತು.

ಬೀಜ ಹೋದವು ಪಕ್ಕದಲ್ಲೇ ತಣ್ಣಗೆ ಮೇಯುತ್ತಿರುತ್ತವೆ.
ಮರಿಯಾಗಿದ್ದಾಗ ಅವಕ್ಕೆ ರಬ್ಬರ್ ಉಂಗುರ ತೊಡಿಸಿದ್ದು
ಈ ಕೈಯೇ. ಎಷ್ಟು ಸಾವಿರವೋ.
ಅದೇ ಕೈ ಈಗ ಡಬ್ಬಿ ತಿರುಗಿಸಿ
ಸಣ್ಣಕ್ಷರಕ್ಕೆ ಕನ್ನಡಕ ಹುಡುಕುತ್ತಿದೆ:
ಸತು. ಮೆಂತ್ಯ. ಕುದುರೆ ನಾರುವ ಯಾವುದೋ ಬೇರು.
ಟ್ರಿಬ್ಯುಲಸ್.

ಹಾಗಂದರೇನಮ್ಮ, ಅಂದೆ.
ಅಂಗಡಿಯ ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿದಳು.
ಹಳದಿ ಹೂವು, ನೆಲಕ್ಕೆ ಅಂಟಿದ ಬಳ್ಳಿ, ಕೊಂಬಿನ ಕಾಯಿ.
ನಗು ಬಂತು, ಅದರ ಹಿಂದೆ ಕೆಮ್ಮು.
ನೆಗ್ಗಿಲು ಮುಳ್ಳು!
ನನ್ನ ಸೈಕಲ್ಲನ್ನು ತಿಂಗಳಿಗೆ ನಾಲ್ಕು ಸಲ ಕೂರಿಸಿದ್ದು,
ಅಗೆದು ತಂದರೆ ಬಕೆಟ್ಟಿಗೆ ಇಪ್ಪತ್ತು ಸೆಂಟು ಅಪ್ಪ ಕೊಡುತ್ತಿದ್ದದ್ದು.
ಬರದಲ್ಲಿ ಬೇರೆ ಹಸಿರಿಲ್ಲದೆ ಇದನ್ನೇ ಮೇದ ಕುರಿಗಳು
ಹಿಂಗಾಲು ವಾಲಿಸಿ, ಕುಡಿದವರಂತೆ, ಒಂದೇ ಮಗ್ಗುಲಿಗೆ ನಡೆದವು.
ನಮ್ಮ ನಾಯಿ ಮೂರು ಕಾಲಲ್ಲಿ ಕುಂಟುತ್ತ ಬಂದು ಪಾದ ಎತ್ತಿದರೆ
ಅಪ್ಪ ಹಲ್ಲಲ್ಲಿ ಕಚ್ಚಿ ಕೀಳುತ್ತಿದ್ದ,
ಥೂ ಎಂದು ಉಗಿದು.

ಉಗಿದದ್ದಕ್ಕೆ ಈಗ ಗೂಳಿಯ ಚಿತ್ರ.

ಡಬ್ಬಿ ಇದ್ದಲ್ಲೇ ಇಟ್ಟೆ ಅನ್ನಲಾರೆ. ಎರಡು ಸಲ ಇಟ್ಟೆ.

ಹದಿನೈದು ದಿನಕ್ಕೊಮ್ಮೆ ವಿಮಾನದಲ್ಲಿ ಬರುವ ಡಾಕ್ಟರಮ್ಮ
ಬೆಳಗಿನ ರಕ್ತ ತೆಗೆಸಿ, ಹಾಳೆ ನೋಡಿ,
"ನಿಮ್ಮ ವಯಸ್ಸಿಗೆ ಇದು ಸರಿಯಾಗೇ ಇದೆ" ಎಂದಾಗ
ನನಗೆ ಬೇಜಾರಾಯಿತು, ನಂಬುತ್ತೀರಾ?
ಕಡಿಮೆ ಇದ್ದಿದ್ದರೆ ತಪ್ಪು ಅದರದಾಗುತ್ತಿತ್ತು.
ನಿದ್ದೆ ಹೇಗೆ, ಕೇಳಿದಳು. ಕುಡಿಯುವುದು ಎಷ್ಟು.
ಮನೆಯಲ್ಲಿ ಹೇಗೆ.
ಮೂರನೆಯದಕ್ಕೆ ನನ್ನ ಬೂಟು ನೋಡಿಕೊಂಡೆ.
ನೋರೀನ್ ಚಳಿಗಾಲದಿಂದ ಮಗನ ಕೋಣೆಯಲ್ಲಿ ಮಲಗುತ್ತಾಳೆ.
ಗೊರಕೆಗಲ್ಲವಂತೆ.
ಗೊರಕೆ ನಿಲ್ಲುವುದಕ್ಕೆ.
ನಿಂತು, ಮತ್ತೆ ಶುರುವಾಗುವ ತನಕ ಎಣಿಸುತ್ತ ಕೂರುವುದು
ಇನ್ನು ತನ್ನಿಂದಾಗದು ಎಂದಿದ್ದಳು.
ನಾನದನ್ನು ಬೇರೇನೋ ಎಂದುಕೊಂಡಿದ್ದೆ.

ಮುಖಕ್ಕೆ ಕಟ್ಟುವ ಉಸಿರಿನ ಯಂತ್ರ ಬರಲು ಮೂರು ತಿಂಗಳು.
ಅದರ ಮೇಲೆ ಯಾವ ಪ್ರಾಣಿಯ ಚಿತ್ರವೂ ಇಲ್ಲ.

ಸಂಜೆ ಮನೆಗೆ ಬಂದರೆ ನೋರೀನ್ ಹಿತ್ತಲಲ್ಲಿ
ಒಣಗಿದ ಬಟ್ಟೆ ಕಂಕುಳಲ್ಲಿಟ್ಟು ಒಂಟಿಕಾಲಲ್ಲಿ ನಿಂತಿದ್ದಳು.
"ಚುಚ್ಚಿತು."
ಎಂಬತ್ತೊಂಬತ್ತು ಡಾಲರ್ ಮಾಲು, ತುಳಿಯಬೇಡ, ಅಂದೆ.
ಅರ್ಥವಾಗದೆ ನನ್ನ ಭುಜ ಹಿಡಿದಳು.
ಸೊಂಟ ಕಟಕ್ಕೆಂದರೂ ಮಂಡಿಯೂರಿ ಕೂತೆ.
ಹಿಮ್ಮಡಿ ಒರಟು, ಬಿಸಿಲಿನ ಬಿಸಿ ಇನ್ನೂ ಆರಿರಲಿಲ್ಲ.
ಉಗುರಿಗೆ ಸಿಗಲಿಲ್ಲ. ಹಲ್ಲು ಹಾಕಿದೆ.

ಮುಳ್ಳು ಬಂತು.
"ಬಂತಾ?" ಅಂದಳು.
ಇನ್ನೂ ಇಲ್ಲ, ಅಂದೆ.